ಕಾಲಿಂಚು ಬೇರೆ, ಆರು ಮಿಲಿಮೀಟರ್ ಬೇರೆ: ಬಡಗಿಯ ರೌಟರ್‌ನಲ್ಲಿ ಎರಡು ಅಳತೆಗಳ ತಿಕ್ಕಾಟ

ಮಂಗಳೂರು: ‘ಎಂಟು-ನಾಲ್ಕರ ಹಲಗೆ, ಹದಿನೆಂಟು ಎಂಎಂ ದಪ್ಪ’. ಬಂದರ್ ಪ್ರದೇಶದ ಪ್ಲೈವುಡ್ ಅಂಗಡಿಯಲ್ಲಿ ಹೀಗೆ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಉದ್ದ ಮತ್ತು ಅಗಲ ಅಡಿಯಲ್ಲಿ, ದಪ್ಪ ಮಾತ್ರ ಮಿಲಿಮೀಟರಿನಲ್ಲಿ. ಬ್ರಿಟಿಷರು ಬಿಟ್ಟುಹೋದ ಅಳತೆಯೂ ಸ್ವತಂತ್ರ ಭಾರತವು ಒಪ್ಪಿಕೊಂಡ ಮೆಟ್ರಿಕ್ ಅಳತೆಯೂ ಒಂದೇ ವಾಕ್ಯದಲ್ಲಿ ಕೂಡಿ ಬಾಳುತ್ತಿವೆ. ಮಾತಿನಲ್ಲಿ ಈ ಸಹಬಾಳ್ವೆಯಿಂದ ತೊಂದರೆಯಿಲ್ಲ. ಆದರೆ ಇದೇ ಬೆರಕೆ ನಿಮಿಷಕ್ಕೆ 30,000 ಸುತ್ತು ತಿರುಗುವ ಯಂತ್ರದೊಳಗೆ ಪ್ರವೇಶಿಸಿದರೆ ಮನೆಯವರ ಹಣಕ್ಕೂ ಬಡಗಿಯ ಬೆರಳಿಗೂ ಸಂಚಕಾರ ತಪ್ಪಿದ್ದಲ್ಲ.

ಆ ಯಂತ್ರದ ಹೆಸರು ರೌಟರ್. ಅಂತರ್ಜಾಲ ಸಂಪರ್ಕದ ಪೆಟ್ಟಿಗೆಗೂ ಇದಕ್ಕೂ ಸಂಬಂಧವಿಲ್ಲ. ಮರದಲ್ಲಿ ತೋಡು ಕೊರೆಯಲು, ಅಂಚಿಗೆ ಆಕಾರ ಕೊಡಲು, ಕೀಲು ಕೂರಿಸಲು ಬಡಗಿಗಳು ಬಳಸುವ ವಿದ್ಯುತ್ ಉಪಕರಣವಿದು. ಇದರ ಚಿಕ್ಕ ರೂಪಕ್ಕೆ ಟ್ರಿಮ್ಮರ್ ಎನ್ನುತ್ತಾರೆ. ಉಳಿ, ಬಾಚಿಗಳಿಂದ ಗಂಟೆಗಟ್ಟಲೆ ನಡೆಯುತ್ತಿದ್ದ ಕೆಲಸವನ್ನು ಇದು ನಿಮಿಷಗಳಲ್ಲಿ ಮುಗಿಸುತ್ತದೆ.

ಎರಡು ಅಳತೆಗಳು ಬಂದ ಬಗೆ

ಗೇಣು, ಮೊಳ, ಅಂಗುಲ, ಕೋಲುಗಳಿಂದ ಮರ ಅಳೆಯುತ್ತಿದ್ದ ಕರಾವಳಿಯು 1799ರಲ್ಲಿ ಟಿಪ್ಪು ಸುಲ್ತಾನನ ಪತನದ ಬಳಿಕ ಬ್ರಿಟಿಷರ ಆಡಳಿತಕ್ಕೆ ಒಳಪಟ್ಟಿತು. ಅಡಿ ಮತ್ತು ಇಂಚು ಸರಕಾರಿ ಅಳತೆಗಳಾದವು. ಸ್ವಾತಂತ್ರ್ಯಾನಂತರ 1956ರಲ್ಲಿ ಸಂಸತ್ತು ತೂಕ ಮತ್ತು ಅಳತೆಗಳ ಮಾನಕ ಕಾಯ್ದೆಯನ್ನು ಅಂಗೀಕರಿಸಿತು. ಮೆಟ್ರಿಕ್ ಪದ್ಧತಿ 1958ರಿಂದ ಹಂತಹಂತವಾಗಿ ಜಾರಿಗೆ ಬಂತು. ಈಗ ಜಾರಿಯಲ್ಲಿರುವ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರವೂ ವ್ಯಾಪಾರದ ಮಾನಕ ಅಳತೆ ಮೆಟ್ರಿಕ್ಕೇ.

ಸೇರು, ಮಣಗಳು ಮಾರುಕಟ್ಟೆಯಿಂದ ಹೆಚ್ಚುಕಡಿಮೆ ಮರೆಯಾದವು. ಆದರೆ ಮರದ ವ್ಯಾಪಾರದಲ್ಲಿ ‘ಸಿಎಫ್‌ಟಿ’, ಅಂದರೆ ಘನ ಅಡಿ, ಇಂದಿಗೂ ಗಟ್ಟಿಯಾಗಿ ಉಳಿದಿದೆ. ಒಂದು ಘನ ಮೀಟರ್ ಎಂದರೆ ಸುಮಾರು 35.31 ಘನ ಅಡಿ. ಬಡಗಿಯ ಕೂಲಿಯೂ ಚದರ ಅಡಿಯ ಲೆಕ್ಕದಲ್ಲಿಯೇ ನಿಗದಿಯಾಗುತ್ತದೆ. ಇತ್ತ ಪ್ಲೈವುಡ್ಡಿನ ದಪ್ಪ, ಕಪಾಟಿನ ಹಿಂಜ್, ಡ್ರಾವರಿನ ಹಳಿ ಎಲ್ಲವೂ ಮಿಲಿಮೀಟರಿನಲ್ಲಿ ಬರುತ್ತವೆ. ಇವುಗಳ ನಡುವೆ ನಿಂತಿರುವುದೇ ರೌಟರ್.

ಹಿಡಿತ ತಪ್ಪಿದರೆ ಅನಾಹುತ

ರೌಟರಿಗೆ ಸಿಕ್ಕಿಸುವ ಕತ್ತರಿಸುವ ಮೊನೆಗೆ ಬಿಟ್ ಎನ್ನುತ್ತಾರೆ. ಬಿಟ್‌ನ ದಂಡವನ್ನು ಯಂತ್ರದಲ್ಲಿ ಬಿಗಿಹಿಡಿಯುವ, ಸೀಳುಗಳುಳ್ಳ ಉಕ್ಕಿನ ಕೊಳವೆಯೇ ಕಾಲೆಟ್. ಅಮೆರಿಕ, ಬ್ರಿಟನ್‌ಗಳಲ್ಲಿ ಕಾಲಿಂಚು ಮತ್ತು ಅರ್ಧ ಇಂಚಿನ ದಂಡಗಳು ರೂಢಿಯಲ್ಲಿವೆ. ಜಪಾನಿನಲ್ಲಿ 6 ಮತ್ತು 12 ಮಿ.ಮೀ., ಜರ್ಮನಿಯಲ್ಲಿ ಹೆಚ್ಚಾಗಿ 8 ಮಿ.ಮೀ. ಭಾರತದ ಮಾರುಕಟ್ಟೆಗೆ ಈ ಎಲ್ಲ ಬಗೆಯವೂ ಬರುತ್ತವೆ.

ಒಂದು ಇಂಚು ಎಂದರೆ ನಿಖರವಾಗಿ 25.4 ಮಿ.ಮೀ. ಇದು 1959ರ ಅಂತಾರಾಷ್ಟ್ರೀಯ ಒಪ್ಪಂದದಿಂದ ಸ್ಥಿರಗೊಂಡ ಬೆಲೆ. ಹಾಗಾಗಿ ಕಾಲಿಂಚು ಎಂದರೆ 6.35 ಮಿ.ಮೀ., ಅರ್ಧ ಇಂಚು ಎಂದರೆ 12.7 ಮಿ.ಮೀ. ಕಾಲಿಂಚಿನ ದಂಡ 6 ಮಿ.ಮೀ. ಕಾಲೆಟ್ಟಿನೊಳಗೆ ಹೋಗುವುದೇ ಇಲ್ಲ, ಆದ್ದರಿಂದ ಅಪಾಯವಿಲ್ಲ. ಅಪಾಯವಿರುವುದು ತದ್ವಿರುದ್ಧ ಸಂದರ್ಭದಲ್ಲಿ. 6 ಮಿ.ಮೀ. ದಂಡ ಕಾಲಿಂಚಿನ ಕಾಲೆಟ್ಟಿಗೆ ಸಲೀಸಾಗಿ ಇಳಿಯುತ್ತದೆ. ನಟ್ಟನ್ನು ಬಲವಾಗಿ ತಿರುಗಿಸಿದರೆ ಬಿಗಿಯಾದಂತೆಯೂ ತೋರುತ್ತದೆ. ವಾಸ್ತವದಲ್ಲಿ ಕಾಲೆಟ್ಟು ಸೊಟ್ಟಗೆ ಮುಚ್ಚಿಕೊಂಡು ದಂಡವನ್ನು ಕೆಲವೇ ಗೆರೆಗಳಲ್ಲಿ ಕಚ್ಚಿ ಹಿಡಿದಿರುತ್ತದೆ. ಯಂತ್ರ ತಿರುಗತೊಡಗಿದಾಗ ಬಿಟ್ ಅದುರುತ್ತದೆ, ಕೆಳಕ್ಕೆ ಜಾರುತ್ತದೆ, ಕೆಲವೊಮ್ಮೆ ಕಳಚಿ ಹಾರುತ್ತದೆ. 20 ಮಿ.ಮೀ. ವ್ಯಾಸದ ಬಿಟ್ ನಿಮಿಷಕ್ಕೆ 30,000 ಸುತ್ತು ತಿರುಗುವಾಗ ಅದರ ಅಂಚಿನ ವೇಗ ಗಂಟೆಗೆ ಸುಮಾರು 113 ಕಿ.ಮೀ. 12 ಮಿ.ಮೀ. ದಂಡವನ್ನು ಅರ್ಧ ಇಂಚಿನ ಕಾಲೆಟ್ಟಿಗೆ ಹಾಕಿದಾಗ ಅಂತರ ಇನ್ನೂ ಹೆಚ್ಚು, 0.7 ಮಿ.ಮೀ.

ಕಾಗದ ಸುತ್ತಿ, ತಗಡು ತುರುಕಿ ಅಂತರ ತುಂಬುವುದು ಪರಿಹಾರವಲ್ಲ. ಯಂತ್ರಕ್ಕೆ ಹೊಂದುವ ಸರಿಯಾದ ಕಾಲೆಟ್ಟನ್ನೇ ಕೊಳ್ಳಬೇಕು, ಇಲ್ಲವೇ ತಯಾರಕರು ಅದಕ್ಕೆಂದೇ ರೂಪಿಸಿದ ತೋಳನ್ನು ಬಳಸಬೇಕು. ಅದರ ಬೆಲೆ ಒಂದು ಬೆರಳಿನ ಬೆಲೆಗಿಂತ ಕಡಿಮೆ.

ಸಡಿಲ ಕೀಲಿನ ಮೂಲ

ಎರಡನೆಯ ತೊಂದರೆ ತೋಡಿನ ಅಗಲಕ್ಕೆ ಸಂಬಂಧಿಸಿದ್ದು. ಮುಕ್ಕಾಲಿಂಚಿನ ಬಿಟ್ 19.05 ಮಿ.ಮೀ. ಅಗಲದ ತೋಡು ಕೊರೆಯುತ್ತದೆ. ಅದರೊಳಗೆ 18 ಮಿ.ಮೀ. ಪ್ಲೈವುಡ್ ಇಟ್ಟರೆ ಒಂದು ಮಿಲಿಮೀಟರಿಗೂ ಹೆಚ್ಚು ಸಡಿಲ. ಆ ಕಂದರವನ್ನು ಅಂಟು ತುಂಬಬಹುದು, ಆದರೆ ಬಲ ಕೊಡಲಾರದು. ಪುಸ್ತಕದ ಕಪಾಟು ಕೆಲವೇ ವರ್ಷಗಳಲ್ಲಿ ಓಲಾಡಲು ಇದೂ ಒಂದು ಕಾರಣ.

ಎಲ್ಲ ಕಡೆಯೂ ವ್ಯತ್ಯಾಸ ದೊಡ್ಡದೇನೂ ಅಲ್ಲ. ಕಪಾಟಿನ ಹಿಂಜ್ ಕೂರಿಸಲು 35 ಮಿ.ಮೀ. ಕುಳಿ ಬೇಕು. 1⅜ ಇಂಚಿನ ಬಿಟ್ 34.93 ಮಿ.ಮೀ. ಕೊರೆಯುವುದರಿಂದ ಅಲ್ಲಿ ಬಹುತೇಕ ಕೆಲಸ ಸಾಗುತ್ತದೆ. ಯಾವ ಜೋಡಿ ಹೊಂದುತ್ತದೆ, ಯಾವುದು ಹೊಂದದು ಎಂಬುದನ್ನು ಊಹಿಸದೆ ಲೆಕ್ಕ ಹಾಕಬೇಕು ಎಂಬುದಷ್ಟೇ ಇದರ ಪಾಠ.

ಅಚ್ಚು ಬಳಸಿ ಕೊರೆಯುವಾಗ ಈ ಲೆಕ್ಕ ಇನ್ನಷ್ಟು ಮುಖ್ಯವಾಗುತ್ತದೆ. ಅಚ್ಚಿನ ಅಂಚಿಗೆ ಒರಗಿ ಸಾಗುವ ಉಂಗುರಕ್ಕೆ ಗೈಡ್ ಬುಷ್ ಎನ್ನುತ್ತಾರೆ. ಬುಷ್‌ನ ಹೊರವ್ಯಾಸದಿಂದ ಬಿಟ್‌ನ ವ್ಯಾಸವನ್ನು ಕಳೆದು ಎರಡರಿಂದ ಭಾಗಿಸಿದರೆ, ಅಚ್ಚಿನಿಂದ ಎಷ್ಟು ದೂರದಲ್ಲಿ ಕೊರೆತ ಬೀಳುತ್ತದೆ ಎಂಬುದು ತಿಳಿಯುತ್ತದೆ. 30 ಮಿ.ಮೀ. ಬುಷ್, 12 ಮಿ.ಮೀ. ಬಿಟ್ ಇದ್ದರೆ 9 ಮಿ.ಮೀ. ಅದೇ ಬುಷ್‌ನಲ್ಲಿ ಅರ್ಧ ಇಂಚಿನ ಬಿಟ್ ಇದ್ದರೆ 8.65 ಮಿ.ಮೀ. ಬ್ರಿಟನ್ನಿನಲ್ಲಿ ಅಡುಗೆಮನೆಯ ಕಟ್ಟೆ ಹಲಗೆಗಳನ್ನು ಜೋಡಿಸುವ ಅಚ್ಚುಗಳು ರೂಪುಗೊಂಡಿರುವುದು ಈ ಎರಡನೆಯ, ಬೆರಕೆ ಜೋಡಿಗೇ. ಅಂದರೆ ಬೆರಕೆಯೇ ತಪ್ಪಲ್ಲ. ತಿಳಿಯದೆ ಬೆರೆಸುವುದು ತಪ್ಪು.

‘ಇಂಚಿಗೆ ಇಪ್ಪತ್ತೈದು’ ಎಂಬ ಬಾಯಿಲೆಕ್ಕವೂ ಮೋಸದ್ದೇ. ಒಂದು ಇಂಚಿಗೆ ತಪ್ಪುವುದು 0.4 ಮಿ.ಮೀ. ಮಾತ್ರ. ಎಂಟು ಅಡಿಗೆ, ಅಂದರೆ 96 ಇಂಚಿಗೆ, ಅದು 38.4 ಮಿ.ಮೀ. ಆಗಿ ಒಂದೂವರೆ ಇಂಚು ದಾಟುತ್ತದೆ.

ಮಾಡಬೇಕಾದದ್ದೇನು?

ಒಂದು ಕೆಲಸಕ್ಕೆ ಒಂದೇ ಅಳತೆ ಇರಲಿ. ಹಲಗೆ ಮತ್ತು ಹಿಂಜ್ ಮಿಲಿಮೀಟರಿನಲ್ಲಿ ಇರುವುದರಿಂದ ನಕ್ಷೆಯೂ ಮಿಲಿಮೀಟರಿನಲ್ಲಿಯೇ ಇರುವುದು ಲೇಸು. ದರ ಚದರ ಅಡಿಯಲ್ಲಿದ್ದರೂ ಅಡ್ಡಿಯಿಲ್ಲ. ಆಳದ ಮಾಪಕದಲ್ಲಿ ಎರಡೂ ಗೆರೆಗಳಿದ್ದರೆ ಬಳಸದ ಬದಿಗೆ ಪಟ್ಟಿ ಅಂಟಿಸಿದರೆ ಗೊಂದಲ ತಪ್ಪುತ್ತದೆ. ಕೊರೆಯುವ ಮುನ್ನ ಹಲಗೆಯ ನಿಜವಾದ ದಪ್ಪವನ್ನು ಕ್ಯಾಲಿಪರ್‌ನಿಂದ ಅಳೆಯಬೇಕು. ಚೀಟಿಯಲ್ಲಿರುವ 18 ಕೈಗೆ ಸಿಗುವ 18 ಆಗಿರಬೇಕೆಂದಿಲ್ಲ. ಬಳಿಕ ಒಂದು ತುಂಡು ಮರದಲ್ಲಿ ತೋಡು ಕೊರೆದು, ಹಲಗೆ ಕೂರಿಸಿ ನೋಡಬೇಕು.

ಬಿಟ್ ಕೊಳ್ಳಲು ಅಂಗಡಿಗೆ ಹೋಗುವವರು ಯಂತ್ರದ ಕಾಲೆಟ್ಟಿನ ಅಳತೆಯನ್ನು ಬರೆದುಕೊಂಡು ಹೋಗುವುದು ಒಳಿತು. ‘ಚಿಕ್ಕದು ಕೊಡಿ’ ಎಂದರೆ 6 ಕೂಡ ಸಿಗಬಹುದು, 6.35 ಕೂಡ ಸಿಗಬಹುದು. ಕಣ್ಣಿಗೆ ಎರಡೂ ಒಂದೇ, ಕಾಲೆಟ್ಟಿಗೆ ಅಲ್ಲ.