ಕರೆಂಟು ಎಲ್ಲಿಗೆ ನಿಂತಿತು

ಪುನರ್ವಸು ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ ಸೀಮೆಯ ಮನೆಗಳಲ್ಲಿ ಬಟ್ಟೆ ಒಣಗಿಸುವುದೇ ದೊಡ್ಡ ಕೆಲಸ. ಬಚ್ಚಲೊಲೆಯ ಮೇಲೆ ಕಟ್ಟಿದ ಬಿದಿರ ಗಳಕ್ಕೆ ಪಂಚೆ, ಸೀರೆ, ಮಕ್ಕಳ ಯೂನಿಫಾರಂ ಸಾಲಾಗಿ ನೇತುಬಿದ್ದಿರುತ್ತವೆ. ಎಷ್ಟು ಕಾವು ಕೊಟ್ಟರೂ ಸೊಂಟಪಟ್ಟಿಯ ಹತ್ತಿರ ಥಂಡಿ ಉಳಿದೇ ಇರುತ್ತದೆ. ಮೇಲಿಂದ ಹೊಗೆಯ ವಾಸನೆ ಬೇರೆ. ಇಲ್ಲಿನ ಹೆಂಗಸರು ವಾಷಿಂಗ್ ಮೆಷಿನ್ನನ್ನು ಮನೆಯೊಳಗೆ ಕರೆದುಕೊಂಡದ್ದು ಮುಖ್ಯವಾಗಿ ಅದು ಹಿಂಡುತ್ತದೆ ಎಂಬ ಕಾರಣಕ್ಕೆ. ನಿಮಿಷಕ್ಕೆ 700ರ ಆಸುಪಾಸು ಸುತ್ತು ತಿರುಗಿ ಅದು ನೀರು ತೆಗೆದುಕೊಟ್ಟರೆ, ಒಲೆಯ ಕಾವಿಗೆ ಒಂದೇ ರಾತ್ರಿಯಲ್ಲಿ ಬಟ್ಟೆ ಆರುತ್ತದೆ.

ಅಂಥ ಮಳೆಯಲ್ಲಿ ಒಂದು ಮನೆಯ ಹಿಂದಿನ ಜಗಲಿಯ ಮೆಷಿನ್ನು ಉಸಿರೆತ್ತದೆ ನಿಂತಿದೆ. ಟಾಪ್ ಲೋಡ್, ಪೂರ್ತಿ ಆಟೊಮ್ಯಾಟಿಕ್. ಬಟನ್ ಒತ್ತಿದರೆ ದೀಪವಿಲ್ಲ, ಸದ್ದಿಲ್ಲ. ಒಳಗೆ ಅರ್ಧ ನೆನೆದ ಬೆಡ್‌ಶೀಟುಗಳು. ಫೋನಿನಲ್ಲಿ ಕೇಳಿದ ಅಂಗಡಿಯವರು ನೋಡದೆಯೇ ಹೇಳಿಬಿಟ್ಟಿದ್ದಾರೆ: “ಬೋರ್ಡ್ ಹೋಗಿದೆ, ಹೊಸದೇ ಹಾಕಬೇಕು.”

ಪೇಟೆಯಿಂದ ಬಂದ ಮೆಕ್ಯಾನಿಕ್ಕು ಕೊಡೆ ಮಡಚಿಟ್ಟು ಮೆಷಿನ್ನಿನ ಕಡೆ ತಿರುಗಿಯೂ ನೋಡಲಿಲ್ಲ. ನೇರ ಗೋಡೆಯ ಸಾಕೆಟ್ಟಿನ ಮುಂದೆ ಕೂತ. ನನಗೆ ಅವನ ಮೇಲೆ ನಂಬಿಕೆ ಹುಟ್ಟಿದ್ದು ಅಲ್ಲೇ. ಟೆಸ್ಟರ್ ತೂರಿಸಿದ, ಕೆಂಪಗೆ ಹೊತ್ತಿತು. ಅಷ್ಟಕ್ಕೇ ಅವನು ಒಪ್ಪಲಿಲ್ಲ. ಟೆಸ್ಟರ್ ಹೇಳುವುದು ಫೇಸ್ ಇದೆ ಎಂಬುದನ್ನು ಮಾತ್ರ. ನ್ಯೂಟ್ರಲ್ ಕಡಿದಿದ್ದರೂ ಅದು ಹಾಗೇ ಹೊತ್ತುತ್ತದೆ. ಚೀಲದಿಂದ ಹೋಲ್ಡರಿಗೆ ಎರಡು ವೈರು ಕಟ್ಟಿದ ಹಳೇ ತಂತಿ ಬಲ್ಬು ಹೊರಬಂತು. ಈಗ ಅಂಥ ಬಲ್ಬು ಸಿಗುವುದೇ ಕಷ್ಟವಂತೆ. ಈ ಕೆಲಸಕ್ಕೆ ಎಲ್‌ಇಡಿ ಆಗುವುದಿಲ್ಲವೆಂದು ಕಂಡಲ್ಲೆಲ್ಲ ಕೊಂಡಿಟ್ಟುಕೊಳ್ಳುತ್ತಾನೆ. ಫೇಸ್, ನ್ಯೂಟ್ರಲ್ ನಡುವೆ ಬಲ್ಬು ಚೆನ್ನಾಗಿ ಉರಿಯಿತು. ಸಾಕೆಟ್ಟು ಸರಿಯಿದೆ. ಪ್ಲಗ್ಗಿನ ಪಿನ್ನುಗಳಲ್ಲಿ ಸುಟ್ಟ ಕಪ್ಪಿಲ್ಲ. ವೈರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಮಲ್ಟಿಮೀಟರ್ ಕುಂಯ್ ಎಂದಿತು. ಮೆಷಿನ್ನನ್ನು ಬಾಗಿಸಿ ತಳಕ್ಕೆ ಟಾರ್ಚ್ ಹಾಕಿದ. ಮಳೆಗಾಲಕ್ಕೆ ಬೆಚ್ಚಗಿನ ಜಾಗ ಹುಡುಕುವ ಇಲಿಗಳು ಇಲ್ಲೇ ಸೇರಿ ವೈರು ಕಡಿಯುವುದು. ಈ ಮನೆಯಲ್ಲಿ ತಳಕ್ಕೆ ಜಾಲರಿ ಹಾಕಿಸಿದ್ದರು, ಇಲಿ ಬಂದಿರಲಿಲ್ಲ.

“ಅಮ್ಮಾ, ಇದು ನಿಲ್ಲೋ ಮುಂಚೆ ಮನೇಲಿ ಬೇರೆ ಎಂತಾದ್ರೂ ಆಯ್ತಾ?”

“ಗಾಳಿ ಬಂದಿತ್ತಲ್ಲ ಮಾರಾಯ, ಆ ಸಂಜೆ ಅಡುಗೆಮನೆ ಬಲ್ಬು ಒಮ್ಮೆಗೇ ಬೆಳ್ಳಗೆ ಉರಿದು ಪಟ್ ಅಂತ ಹೋಯ್ತು. ಆಮೇಲೆ ಲೈನ್‌ಮ್ಯಾನ್ ಬಂದು ಕಂಬ ಹತ್ತಿ ಸರಿ ಮಾಡಿದ.”

ಅವನ ಮುಖ ಅರಳಿತು. ಕಂಬದ ಮೇಲೆ ನ್ಯೂಟ್ರಲ್ ತಂತಿ ಕಡಿದರೆ ಮನೆಮನೆಗೆ 230 ವೋಲ್ಟು ಹಂಚಿ ಹೋಗುವ ಲೆಕ್ಕ ತಪ್ಪುತ್ತದೆ. ಎರಡು ಫೇಸ್‌ಗಳ ನಡುವಿನ 400 ಚಿಲ್ಲರೆ ವೋಲ್ಟು ಮನೆಗಳ ನಡುವೆ ಹೇಗೆ ಬೇಕೋ ಹಾಗೆ ಪಾಲಾಗುತ್ತದೆ. ಒಂದು ಮನೆಯ ದೀಪ ಮಿಣುಕುತ್ತದೆ, ಇನ್ನೊಂದು ಮನೆಯದು ಉರಿದು ಸಿಡಿಯುತ್ತದೆ.

ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಮೇಲಿನ ಪ್ಯಾನೆಲ್ ಬಿಚ್ಚಿದ. ಕೆಳಗೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೂತ ಬೋರ್ಡು. ಥಂಡಿ, ಇರುವೆ, ಹಲ್ಲಿ ಯಾವುದೂ ತಾಗದಂತೆ ಕಾರ್ಖಾನೆಯಲ್ಲೇ ಅದರ ಮೇಲೆ ಅಂಟು ಸುರಿದಿರುತ್ತಾರೆ. ಪಾರದರ್ಶಕವಾದ ಆ ಅಂಟು ಶೀತವಾದ ಹಲಸಿನ ಹಪ್ಪಳದ ಹಾಗೆ ಎಳೆದರೆ ಬಗ್ಗುತ್ತಿತ್ತು. ಮೊದಲು ದೊಡ್ಡ ಕೆಪಾಸಿಟರಿನ ಕಾಲುಗಳಿಗೆ ಬಲ್ಬಿನ ವೈರು ತಾಗಿಸಿದ. 230 ವೋಲ್ಟಿನ ಎ.ಸಿ. ಅಲ್ಲಿ 325ರ ಹತ್ತಿರದ ಡಿ.ಸಿ. ಆಗಿ ನಿಲ್ಲುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಒಳಗೇ ಉಳಿದಿರಬಹುದು. ಮನೆಯಲ್ಲಿ ಕೂತು ಮೆಷಿನ್ನು ಬಿಚ್ಚುವ ಉತ್ಸಾಹಿಗಳು ಪೆಟ್ಟು ತಿನ್ನುವ ಜಾಗ ಇದು. ಸಾಕೆಟ್ಟು, ಪ್ಲಗ್ಗು, ಎಂ.ಸಿ.ಬಿ. ನೋಡುವವರೆಗೆ ಯಾರು ಬೇಕಾದರೂ ಬರಲಿ. ಇಲ್ಲಿಂದಾಚೆ ತಿಳಿದವರೇ ಕೈ ಹಾಕಬೇಕು.

ಫ್ಯೂಸ್ ಸುಟ್ಟಿತ್ತು. ಅದು ಸುಟ್ಟ ರೀತಿಯನ್ನು ಅವನು ಬಹಳ ಹೊತ್ತು ನೋಡಿದ. ಗಾಜಿನೊಳಗಿನ ತಂತಿ ಸುಮ್ಮನೆ ತುಂಡಾಗಿದ್ದರೆ ಒಂದು ಅರ್ಥ. ಇಲ್ಲಿ ಗಾಜೆಲ್ಲ ಮಸಿ. ಅಂದರೆ ಮುಂದೆಲ್ಲೋ ಪೂರಾ ಶಾರ್ಟ್ ಆಗಿದೆ. ಪಕ್ಕದಲ್ಲೇ ಕಾರಣವೂ ಇತ್ತು: ಹೆಬ್ಬೆರಳ ಉಗುರಿನಷ್ಟು ಅಗಲದ ನೀಲಿ ಬಿಲ್ಲೆ, ಅಂಚು ಸೀಳಿ ಕರಕಲಾಗಿತ್ತು. ಇವರ ಮಾತಿನಲ್ಲಿ ಅದು ಎಂಒವಿ. ಅದರ ಮೇಲೆ 471 ಎಂದಿದ್ದರೆ 300 ವೋಲ್ಟು ಎ.ಸಿ.ವರೆಗೆ ಅದು ತೆಪ್ಪಗಿರುತ್ತದೆ ಎಂದು ಲೆಕ್ಕ. ಮೀರಿ ಬಂದರೆ ಮೈಯೊಡ್ಡಿ ಕರೆಂಟನ್ನು ತನ್ನ ಮೂಲಕವೇ ಹರಿಸಿಕೊಳ್ಳುತ್ತದೆ, ಆಗ ಫ್ಯೂಸ್ ಹಾರುತ್ತದೆ. ಕೆಲವೇ ರೂಪಾಯಿಯ ಈ ಎರಡು ಸಾಮಾನು ಸೇರಿ ಸಾವಿರಾರು ರೂಪಾಯಿಯ ಬೋರ್ಡನ್ನು ಉಳಿಸಿದ್ದವು. ಉಳಿದ ಆ ಬೋರ್ಡನ್ನೇ ಕಸಕ್ಕೆ ಹಾಕಿ ಎಂದು ಫೋನಿನಲ್ಲಿ ಹೇಳಿದ್ದರು!

ಇದು ನನಗೆ ನೋವಿನ ಸಂಗತಿ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ‘ರಿಪೇರಿ ಹಕ್ಕು’ ಜಾಲತಾಣ ತೆರೆಯಿತು. ಯುರೋಪಿನ ಒಕ್ಕೂಟದಲ್ಲಿ 2021ರ ಮಾರ್ಚಿನಿಂದ ವಾಷಿಂಗ್ ಮೆಷಿನ್ನಿನ ಮುಖ್ಯ ಬಿಡಿಭಾಗಗಳನ್ನು ಮಾರಾಟ ನಿಂತ ಮೇಲೂ 10 ವರ್ಷ ಒದಗಿಸಲೇಬೇಕು. ಒಳ್ಳೆಯದೇ. ಆದರೆ ಬೋರ್ಡನ್ನು ಒಂದೇ ಬಿಡಿಭಾಗವೆಂದು ಎಣಿಸುವಷ್ಟು ಕಾಲ, ಅದರೊಳಗಿನ ಒಂದು ಬಿಲ್ಲೆಗಾಗಿ ಇಡೀ ಬೋರ್ಡು ಹೋಗುತ್ತಲೇ ಇರುತ್ತದೆ. ಒಳಗೆ ಇಳಿದು ನೋಡುವ ಇಂಥವನೊಬ್ಬ ಪ್ರತಿ ಪೇಟೆಯಲ್ಲೂ ಇರಬೇಕು, ಅವನ ಸಮಯಕ್ಕೆ ನಾವು ಸರಿಯಾದ ಮಜೂರಿ ಕೊಡಬೇಕು.

ಅಂಟಿನಡಿಯ ಬೆಸುಗೆಗೆ ಕೈ ಎಟುಕದು. ಬಿಲ್ಲೆಯ ಕಾಲುಗಳನ್ನು ಮೇಲೆಯೇ ಕತ್ತರಿಸಿ, ಉಳಿದ ಮೋಟುಗಳನ್ನು ಬ್ಲೇಡಿನಿಂದ ಕೆರೆದು, ಅದೇ ನಂಬರಿನ ಹೊಸದನ್ನು ಅವಕ್ಕೆ ಬೆಸೆದ. ಫ್ಯೂಸೂ ಅಷ್ಟೇ ಆಂಪಿಯರಿನದು. ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸುತ್ತುವವರನ್ನು ಕಂಡರೆ ಅವನಿಗೆ ಸಿಟ್ಟು. ನೇರ ಕರೆಂಟು ಕೊಡದೆ ಮತ್ತೆ ಅದೇ ಬಲ್ಬನ್ನು ಬೋರ್ಡಿನ ಜೊತೆ ಸೀರೀಸಿನಲ್ಲಿ ಸೇರಿಸಿದ. ಶಾರ್ಟ್ ಉಳಿದಿದ್ದರೆ ಬಲ್ಬು ಪೂರಾ ಉರಿಯುತ್ತದೆ, ಬೋರ್ಡು ಸುಡುವುದಿಲ್ಲ. ಬಲ್ಬು ಒಮ್ಮೆ ಮಿಂಚಿ ಮಂಕಾಯಿತು. ಪ್ಯಾನೆಲ್ಲಿನಲ್ಲಿ ಕೆಂಪು ಅಂಕಿಗಳು ಮೂಡಿದವು.

“ಬಂತು!” ಎಂದರು ಅಮ್ಮ. ಕಾಫಿಗೆ ನೀರಿಡಲು ಒಳಗೆ ಹೊರಟರು.

“ತಡೀರಿ ಅಮ್ಮಾ, ಇನ್ನೊಂದಿದೆ.” ಬಲ್ಬಿನ ಒಂದು ವೈರು ಫೇಸಿಗೆ, ಇನ್ನೊಂದು ಅರ್ತ್ ಪಿನ್ನಿಗೆ. ಬಲ್ಬು ಉರಿಯಲೇ ಇಲ್ಲ. ಒದ್ದೆ ನೆಲ, ಒದ್ದೆ ಕೈ, ತಗಡಿನ ಮೈಯ ಮೆಷಿನ್ನು. ಒಳಗೆಲ್ಲಾದರೂ ವೈರು ತಾಗಿದರೆ ಕರೆಂಟಿಗೆ ನೆಲಕ್ಕಿಳಿಯಲು ಮನುಷ್ಯರ ಮೈಯೇ ದಾರಿ. ಅವನು ಕೊಡೆ ಹಿಡಿದು ಕೊಟ್ಟಿಗೆಯ ಹಿಂದಿನ ಅರ್ತ್ ಗುಂಡಿ ಹುಡುಕಿಕೊಂಡು ಹೋದ. ಪೈಪಿಗೆ ತಂತಿ ಬಿಗಿದ ಕ್ಲ್ಯಾಂಪು ತುಕ್ಕು ತಿಂದು ಉದುರಿತ್ತು. ಪೈಪನ್ನು ಹೊಳೆಯುವವರೆಗೆ ಉಜ್ಜಿ, ಹೊಸ ನಟ್ಟು ಬೋಲ್ಟು ಹಾಕಿ ಬಿಗಿದು ಬಂದ. ಈ ಸಲ ಬಲ್ಬು ಝಗ್ಗನೆ ಉರಿಯಿತು.

“ಈಗ ಹಾಕಿ ಬೆಡ್‌ಶೀಟು,” ಎಂದ. “ಗುಡುಗು ಬಂದ್ರೆ ಮಾತ್ರ ಪ್ಲಗ್ಗೇ ಕಿತ್ತಿಡಿ, ಸ್ವಿಚ್ ಆರಿಸಿದ್ರೆ ಸಾಲದು.”