ಕ್ಯಾಮೆರಾಕ್ಕೂ ಬೇಕು ರಿಯಾಜು

ಛಾಯಾಗ್ರಹಣದ ಹವ್ಯಾಸ ಹಚ್ಚಿಕೊಂಡವರು ಕೇಳುವ ಮೊದಲ ಪ್ರಶ್ನೆ, ಯಾವ ಕ್ಯಾಮೆರಾ ಕೊಳ್ಳಬೇಕು ಎಂಬುದು. ದಿನವೂ ಏನು ಅಭ್ಯಾಸ ಮಾಡಬೇಕು ಎಂದು ಕೇಳುವವರು ವಿರಳ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿಯುವವರನ್ನು ನೋಡಿ. ಹಾರ್ಮೋನಿಯಂ ಬದಲಿಸಿದರೆ ಹಾಡು ಬಂದೀತೆಂದು ಅಲ್ಲಿ ಯಾರೂ ನಂಬುವುದಿಲ್ಲ, ರಿಯಾಜು ಮೊದಲು. ಕಣ್ಣಿಗೂ ಅಂಥ ಸಾಧನೆ ಇದೆ. ನಮಗೆ ನಾವೇ ಒಂದು ಕಟ್ಟುಪಾಡು ಹಾಕಿಕೊಂಡು ಚಿತ್ರ ತೆಗೆಯುವುದೇ ಅದು.

ಹಿಂದಿನವರಿಗೆ ಈ ಕಟ್ಟುಪಾಡನ್ನು ಉಪಕರಣವೇ ವಿಧಿಸುತ್ತಿತ್ತು. 1850ರ ದಶಕದಲ್ಲಿ ಮುಂಬಯಿ ಸರ್ಕಾರಕ್ಕಾಗಿ ಥಾಮಸ್ ಬಿಗ್ಸ್ ಹಾಗೂ ಅವರ ನಂತರ ಬಂದ ವೈದ್ಯ ವಿಲಿಯಂ ಹೆನ್ರಿ ಪಿಗೌ ಅಂದಿನ ಧಾರವಾಡ ಜಿಲ್ಲೆಯ ದೇವಾಲಯಗಳ ಚಿತ್ರ ತೆಗೆದರು. ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪವನ್ನು ಕುರಿತು 1866ರಲ್ಲಿ ಲಂಡನ್ನಿನಲ್ಲಿ ಹೊರಬಂದ ದೊಡ್ಡ ಗ್ರಂಥದಲ್ಲಿ ಇವರ ಚಿತ್ರಗಳಿವೆ; ಗದಗಿನ ಗುಡಿಗಳೂ ಅಲ್ಲಿ ಕಾಣುತ್ತವೆ. ಒಂದೊಂದು ಚಿತ್ರಕ್ಕೂ ಅಷ್ಟು ಸಿದ್ಧತೆ ಬೇಕಾಗಿದ್ದ ಕಾಲದಲ್ಲಿ, ಎಲ್ಲಿ ನಿಲ್ಲಬೇಕೆಂದು ಮೊದಲೇ ಯೋಚಿಸದೆ ಗತಿಯಿರಲಿಲ್ಲ. ಇಂದು ಮೊಬೈಲಿನಲ್ಲಿ ನಿಮಿಷಕ್ಕೆ ಐವತ್ತು ಚಿತ್ರ ತೆಗೆಯಬಹುದು. ಆದ್ದರಿಂದಲೇ ಆ ಯೋಚನೆ ತಪ್ಪಿಹೋಗುತ್ತದೆ.

ತ್ರಿಕೂಟೇಶ್ವರ ಆವರಣದ ಸರಸ್ವತಿ ಗುಡಿಗೆ ಹೋಗಿ ಒಂದೇ ಒಂದು ಕಂಬವನ್ನು ಆರಿಸಿಕೊಳ್ಳಿ. ಹನ್ನೆರಡೇ ಚಿತ್ರ, ಒಂದರಂತೆ ಇನ್ನೊಂದಿರಬಾರದು. ನಾಲ್ಕೈದು ಸಲೀಸಾಗಿ ಬರುತ್ತವೆ. ಆಮೇಲೆ ಬೇಸರ ಶುರುವಾಗುತ್ತದೆ. ನಿಜವಾದ ನೋಟ ಶುರುವಾಗುವುದೂ ಅಲ್ಲಿಂದಲೇ. ಕೆತ್ತನೆ ಎದ್ದು ಕಾಣಬೇಕಾದರೆ ಬೆಳಕು ಪಕ್ಕದಿಂದ ಬೀಳಬೇಕು. ಎದುರಿನಿಂದ ಫ್ಲ್ಯಾಶ್ ಹಾಕಿದರೆ ನೆರಳು ಅಳಿಸಿ ಕಂಬ ಚಪ್ಪಟೆಯಾಗುತ್ತದೆ. ಇನ್ನೊಂದು ಮಾತು: ಕ್ಯಾಮೆರಾದ ಬೆಳಕಿನ ಮಾಪಕ ಎಲ್ಲವನ್ನೂ ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ಅದರ ಮಾತು ಕೇಳಿದರೆ ಕಪ್ಪು ಕಲ್ಲು ಬೆಳ್ಳಗೆ ಬಿಳಿಚಿಕೊಳ್ಳುತ್ತದೆ, ಅರಳಿದ ಹತ್ತಿ ಮಾಸಿದಂತಾಗುತ್ತದೆ. ಕಲ್ಲಿಗೆ ಬೆಳಕನ್ನು ಒಂದಿಷ್ಟು ಇಳಿಸಿ, ಹತ್ತಿಗೆ ಏರಿಸಿ.

ಇದೇ ಪಾಠ ಬೆಟಗೇರಿಯ ವೀರಗಲ್ಲುಗಳ ಮುಂದೆ ಬೇರೆಯೇ ತೂಕ ಪಡೆಯುತ್ತದೆ. ನಡುಹಗಲಿನಲ್ಲಿ ಕಾಣದ ಸವೆದ ಅಕ್ಷರ, ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿಗೆ ಓದಲು ಸಿಗುತ್ತದೆ. ಕಲ್ಲು ಮುಂದೆಯೂ ಸವೆಯುವಂಥದ್ದೇ. ಇಂದು ಸರಿಯಾದ ಹೊತ್ತಿನಲ್ಲಿ ತೆಗೆದ ಚಿತ್ರ ನಾಳೆಗೆ ದಾಖಲೆ. ದಯವಿಟ್ಟು ಅಕ್ಷರಕ್ಕೆ ಸುಣ್ಣ, ಸೀಮೆಸುಣ್ಣ ತಿಕ್ಕಬೇಡಿ. ಬಿಸಿಲು ಆ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ!

ಬೆಟಗೇರಿಯಲ್ಲೇ ಕೈಮಗ್ಗದ ಮನೆಯೊಂದರಲ್ಲಿ ಅನುಮತಿ ಕೇಳಿ ಕುಳಿತುಕೊಳ್ಳಿ. ಷಟರ್ ವೇಗ ಸೆಕೆಂಡಿನ ಐನೂರನೆಯ ಒಂದು ಭಾಗವಾದರೆ ಲಾಳಿ ಗಾಳಿಯಲ್ಲಿ ನಿಂತಂತೆ ಕಾಣುತ್ತದೆ. ಹದಿನೈದನೆಯ ಒಂದು ಭಾಗವಾದರೆ ಅದು ಬರಿಯ ಗೆರೆ. ನೇಕಾರರ ಮುಖ ಮಾತ್ರ ಸ್ಥಿರ. ಎರಡೂ ನಿಜವೇ. ಆದರೆ ಮಗ್ಗದ ಲಯ ಎರಡನೆಯದರಲ್ಲಿ ಹೆಚ್ಚು ಇದೆ ಎಂದು ನನ್ನ ಅನಿಸಿಕೆ. ಕೆಲಸ ಮುಗಿದ ಮೇಲೆ ಒಂದು ಪ್ರತಿ ಮುದ್ರಿಸಿ ಆ ಮನೆಗೆ ಕೊಟ್ಟುಬನ್ನಿ.

ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯಲ್ಲಿ ‘ಇಡೀ ಗುಡಿ ಚೌಕಟ್ಟಿನೊಳಗೆ ಬರಬಾರದು’ ಎಂಬ ನಿಯಮ ಸಾಕು. ಮೂಲೆ, ಮೆಟ್ಟಿಲು, ನೆರಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ.

ಶಿರಹಟ್ಟಿ ಸೀಮೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ದೊಡ್ಡ ಲೆನ್ಸ್ ಇಲ್ಲದವರು ಹಕ್ಕಿಯ ಹತ್ತಿರ ನುಗ್ಗಿ ಹಿಂಡನ್ನೇ ಎಬ್ಬಿಸುವುದುಂಟು. ಅದರ ಬದಲು ಹಕ್ಕಿ ಚುಕ್ಕಿಯಾಗಿಯೇ ಇರಲೆಂದು ಒಪ್ಪಿಕೊಂಡು, ನೀರಿಗೆಷ್ಟು, ಆಕಾಶಕ್ಕೆಷ್ಟು ಜಾಗ ಎಂದು ಹಂಚಿನೋಡಿ. ಮಾಗಡಿ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಜೌಗು ಪ್ರದೇಶ; ಅಲ್ಲಿ ದೂರ ನಿಲ್ಲುವುದೂ ಅಭ್ಯಾಸದ ಭಾಗವೇ.

ಕೊನೆಯದು ನಿಧಾನದ ಅಭ್ಯಾಸ, ಮುಂಡರಗಿಯವರಿಗೆ ಅನುಕೂಲವಾದದ್ದು. ಕಪ್ಪತಗುಡ್ಡ ಕಾಣುವ ಒಂದು ಜಾಗ ಗೊತ್ತುಮಾಡಿಕೊಂಡು, ತಿಂಗಳಿಗೊಮ್ಮೆ ಅದೇ ಎತ್ತರ, ಅದೇ ಹೊತ್ತಿನಲ್ಲಿ ಒಂದು ಚಿತ್ರ ತೆಗೆಯಿರಿ. ಮೊದಲ ಚಿತ್ರದ ಪ್ರತಿಯೊಂದು ಸದಾ ಚೀಲದಲ್ಲಿರಲಿ. ಅದನ್ನು ಎದುರಿಗೆ ಹಿಡಿದು ಗುಡ್ಡದ ಅಂಚು ಕೂಡುವವರೆಗೆ ಹಿಂದೆ ಮುಂದೆ ಸರಿದು ನಿಂತರೆ ಜಾಗ ತಪ್ಪುವುದಿಲ್ಲ.