ಅಂಗಸಾಧನೆಯೂ ಸುಣ್ಣದ ಸತ್ತ್ವವೂ

ಹಂಪೆಯ ಮಹಾನವಮಿ ದಿಬ್ಬದ ಶಿಲಾಪಟ್ಟಿಕೆಗಳಲ್ಲಿ ಕುಸ್ತಿಯಾಡುವ ಜಟ್ಟಿಗಳನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಅಲ್ಲಿಯ ಅರಸನೂ ಗರಡಿಯ ಸಾಧನೆಯನ್ನು ಬಿಟ್ಟವನಲ್ಲ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ ಯಾತ್ರಿಕ ಡೊಮಿಂಗೊ ಪಾಯೆಸನು ಬರೆದಿರುವಂತೆ, ಕೃಷ್ಣದೇವರಾಯನು ದಿನಂಪ್ರತಿ ಬೆಳಗಾಗುವ ಮೊದಲೇ ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದನ್ನೇ ಪೂಸಿಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನೆತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿವರಸೆ ಮಾಡಿ, ಬಳಿಕ ಜಟ್ಟಿಯೊಬ್ಬನೊಡನೆ ಹೋರಾಡುತ್ತಿದ್ದನು.

ಇದನ್ನು ನೆನೆಯಲು ಕಾರಣವುಂಟು. ಕಳೆದ ಚಳಿಗಾಲದಲ್ಲಿ ನಾವು ಮಾತಂಗ ಪರ್ವತವನ್ನು ಇಳಿಯುತ್ತಿರುವಾಗ ಮೀನಖಂಡವು ಕಲ್ಲಿನಂತೆ ಹಿಡಿದುಕೊಂಡಿತು. ಜೊತೆಗಿದ್ದ ಕಂಪ್ಲಿಯ ಮಿತ್ರರು, "ಮೇಷ್ಟ್ರೇ, ಮೈಯಲ್ಲಿ ಕ್ಯಾಲ್ಸಿಯಂ ಸಾಲದು, ಮಾತ್ರೆ ತೆಗೆದುಕೊಳ್ಳಿರಿ" ಎಂದರು. ಒಂದು ತಿಂಗಳು ತೆಗೆದುಕೊಂಡೆವು. ಮೀನಖಂಡವು ತನ್ನ ಹಟವನ್ನು ಬಿಡಲಿಲ್ಲ.

ಕ್ಯಾಲ್ಸಿಯಮ್ಮೆಂದರೆ ಸುಣ್ಣದ ಸತ್ತ್ವ. 1883ರಲ್ಲಿ ಲಂಡನ್ನಿನ ಸಿಡ್ನಿ ರಿಂಗರನು, ಬಟ್ಟಿಯಿಳಿಸಿದ ನೀರಿನಿಂದ ಮಾಡಿದ ಉಪ್ಪುನೀರಿನಲ್ಲಿ ಕಪ್ಪೆಯ ಹೃದಯವು ಬೇಗ ನಿಂತುಹೋಗುವುದನ್ನೂ ನಲ್ಲಿಯ ನೀರಿನದರಲ್ಲಿ ಬಡಿಯುತ್ತಲೇ ಇರುವುದನ್ನೂ ಕಂಡು, ನಲ್ಲಿಯ ನೀರಿನ ಸುಣ್ಣವೇ ಇದಕ್ಕೆ ಕಾರಣವೆಂದು ತೋರಿಸಿದನು. ಹೃದಯಕ್ಕೆ ಪ್ರತಿ ಬಡಿತಕ್ಕೂ ಹೊರಗಿನ ಸುಣ್ಣ ಬೇಕು. ಕೈಕಾಲುಗಳ ಮಾಂಸಖಂಡವಾದರೋ ತನಗೆ ಬೇಕಾದುದನ್ನು ತನ್ನ ತಂತುಗಳೊಳಗಿನ ಸೂಕ್ಷ್ಮ ಚೀಲಗಳಲ್ಲಿಯೇ ಕೂಡಿಟ್ಟುಕೊಂಡಿರುವುದು. ನರದ ಆಜ್ಞೆ ಬಂದೊಡನೆ ಆ ಚೀಲಗಳು ಸುಣ್ಣವನ್ನು ಹೊರಬಿಡುವುವು. ಅದು ಟ್ರೋಪೋನಿನ್ ಎಂಬ ಅಗಳಿಯನ್ನು ಸರಿಸುವುದು. ಆಗ ಮಯೋಸಿನ್ ಎಳೆಗಳು ಆಕ್ಟಿನ್ ಎಳೆಗಳನ್ನು ಹಿಡಿದೆಳೆಯಲು ಖಂಡವು ಬಿಗಿಯುವುದು. ಕೆಲಸ ಮುಗಿದ ಮೇಲೆ ಸುಣ್ಣವನ್ನು ಮರಳಿ ಚೀಲಕ್ಕೆ ತುಂಬಬೇಕು. ಅದಕ್ಕೂ ಶಕ್ತಿ ವ್ಯಯವಾಗುವುದು. ಬಿಗಿಯುವುದಕ್ಕೆ ಮಾತ್ರವಲ್ಲ, ಸಡಿಲುವುದಕ್ಕೂ ಶ್ರಮ ಬೇಕೆಂಬುದು ನಮಗೆ ಬಹಳ ಸೋಜಿಗವೆನಿಸಿತು. ಶವವು ಸೆಟೆದುಕೊಳ್ಳುವುದು ಆ ಶಕ್ತಿ ಮುಗಿದುಹೋದುದರಿಂದಲೇ.

ಹೀಗೆ ಅದೇ ಸುಣ್ಣವು ಹೋಗಿ ಬರುತ್ತಿರುವುದರಿಂದ, ಗರಡಿಗೆ ಹೋಗುವ ಹುಡುಗನಿಗೆ ಮಾತ್ರೆ ನುಂಗಿಸಿದರೆ ಬಲ ಹೆಚ್ಚದು. ಬಹಳ ದಣಿದಾಗ ಚೀಲಗಳು ಸುಣ್ಣವನ್ನು ಕಡಿಮೆ ಬಿಡುವುವು. ಅದಕ್ಕೆ ವಿಶ್ರಾಂತಿಯೇ ಮದ್ದು. ರಕ್ತದಲ್ಲಿ ಸುಣ್ಣವು ತೀರ ಇಳಿದರೆ ಕೈಬೆರಳುಗಳು ಸೆಟೆಯುವುದುಂಟು. ಅದು ವೈದ್ಯರು ನೋಡತಕ್ಕ ಬೇರೆಯ ರೋಗ.

ಹಾಗೆಂದು ಆಹಾರದಲ್ಲಿ ಸುಣ್ಣವನ್ನು ಅಲಕ್ಷಿಸಕೂಡದು. ಮೈಯ ಸುಣ್ಣದಲ್ಲಿ ನೂರಕ್ಕೆ 99 ಪಾಲು ಎಲುಬು ಹಲ್ಲುಗಳಲ್ಲಿದೆ. ಊಟದಲ್ಲಿ ಸಾಲದೆ ಬಂದರೆ ರಕ್ತವು ಎಲುಬಿನಿಂದಲೇ ಸಾಲವೆತ್ತುವುದು. ನಮ್ಮಂತಹ ಅರುವತ್ತರವರು ಆ ಸಾಲವನ್ನು ತೀರಿಸುವುದು ಕಷ್ಟ. ನಮ್ಮ ಸೀಮೆಯ ಜೋಳದಲ್ಲಿ ಸುಣ್ಣ ಅತ್ಯಲ್ಪ. 100 ಗ್ರಾಮಿಗೆ ಸುಮಾರು 30 ಮಿಲಿಗ್ರಾಂ. ರಾಗಿಯಲ್ಲಿ 340ಕ್ಕೆ ಮೇಲ್ಪಟ್ಟು, ಸಿಪ್ಪೆಸಹಿತವಾದ ಎಳ್ಳಿನಲ್ಲಿ ಸುಮಾರು 1,000. ರೊಟ್ಟಿಯೊಡನೆ ಮೊಸರು, ಎಳ್ಳಿನ ಪುಡಿ ಇರುವುದು ಲೇಸು. ರಾಯನು ಕುಡಿದ ಎಣ್ಣೆಯಲ್ಲಿ ಮಾತ್ರ ಸುಣ್ಣವು ಇಲ್ಲವೆಂದೇ ಹೇಳಬೇಕು. ಅದೆಲ್ಲ ಗಾಣದ ಹಿಂಡಿಯಲ್ಲುಳಿದು ದನಗಳ ಪಾಲಾಗಿರಬೇಕು.

ವೈದ್ಯರನ್ನು ಕೇಳಿ ನಾವು ಮಾತ್ರೆಯನ್ನು ನಿಲ್ಲಿಸಿದೆವು. ಈಗ ಮೀನಖಂಡ ಹಿಡಿದಾಗ ಮಂಡಿಯನ್ನು ನೀಡಿ ಕಾಲ್ಬೆರಳುಗಳನ್ನು ನಮ್ಮ ಕಡೆಗೆ ಎಳೆದುಕೊಳ್ಳುತ್ತೇವೆ. ಎರಡು ನಿಮಿಷದಲ್ಲಿ ಬಿಡುತ್ತದೆ.